ಹಳ್ಳದ ದಂಡೆ ಹಳ್ಳಕ್ಕೇ ಇರಲಿ



'ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ' ಎಂಬ ಗಾದೆ ನಮ್ಮಲ್ಲಿ ಮಕ್ಕಳ ಬಾಯಲ್ಲಿಯೂ ಉಂಟು. ಆದರೆ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳ ದಂಡೆಯಲ್ಲಿ ಹೊಲವಿದ್ದವರು ಈ ಗಾದೆಯ ಮೊದಲರ್ಧವೇ ಎರಡನೆಯ ಅರ್ಧವನ್ನು ನುಂಗಿ ಹಾಕುವುದನ್ನು ಕಣ್ಣಾರೆ ಕಂಡಿದ್ದಾರೆ. ಹನಿಗೂಡಿ ಹಳ್ಳ ಬಂತೆಂದರೆ ಬಳ್ಳ ತುಂಬಬೇಕಾದ ತೆನೆ ನೀರುಪಾಲಾಗುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ಮಳೆಯನ್ನು ಉತ್ತರ ಕರ್ನಾಟಕದ ಯಾವ ರೈತನೂ ಮರೆತಿಲ್ಲ. 2019ರ ಆಗಸ್ಟ್‌ನಲ್ಲಿ ಮತ್ತೆ ಅದೇ ಗತಿ ಬಂದಿತು. ಹೆಸರು ಬಿಡಿಸುವ ಹೊತ್ತಿಗೆ ಹೊಲದಲ್ಲಿ ನೀರು ನಿಂತಿತು. ನವಲಗುಂದ ತಾಲೂಕಿನ ಹಳ್ಳದ ಬದಿಯ ಊರುಗಳವರು ಮನೆ ಬಿಟ್ಟು ಎತ್ತರದ ಜಾಗ ಹುಡುಕಿಕೊಂಡು ಹೋಗಬೇಕಾಯಿತು.

ಪ್ರತಿ ಸಲ ನೆರೆ ಬಂದು ಹೋದ ಮೇಲೆ ನಮ್ಮ ಮಾತು ಎರಡೇ ಸಂಗತಿಗಳ ಸುತ್ತ ತಿರುಗುತ್ತದೆ. ಒಂದು ಪರಿಹಾರ, ಇನ್ನೊಂದು ಹೂಳು ತೆಗೆಯುವುದು. ಎರಡೂ ನ್ಯಾಯವಾದ ಬೇಡಿಕೆಗಳೇ. ಹಾಳಾದ ಬೆಳೆಗೆ ಪರಿಹಾರ ಸಿಗಲೇಬೇಕು, ಹಳ್ಳದಲ್ಲಿ ತುಂಬಿದ ಹೂಳು ಹೊರಗೆ ಬೀಳಲೇಬೇಕು. ಆದರೆ ಮೂರನೆಯ ಒಂದು ಸಂಗತಿಯ ಬಗ್ಗೆ ನಾವು ಬಾಯಿ ಬಿಡುವುದಿಲ್ಲ. ಅದು ಹಳ್ಳದ ದಂಡೆಯ ಸಂಗತಿ. ಹೂಳು ಬಂದದ್ದು ಎಲ್ಲಿಂದ, ದಂಡೆ ಕುಸಿದದ್ದು ಯಾಕೆ, ಹಿಂದೆ ದಂಡೆಯ ಮೇಲಿದ್ದ ಹುಲ್ಲು, ಕಂಟಿ, ಮರಗಳು ಎಲ್ಲಿ ಹೋದವು ಎಂಬುದನ್ನು ಈ ವಾರ ತಮ್ಮೊಂದಿಗೆ ವಿಚಾರ ಮಾಡಬೇಕೆಂದಿದ್ದೇವೆ.

ಹಳ್ಳ ಹರಿಯುವ ದಾರಿ

ಬೆಣ್ಣೆಹಳ್ಳ ಶಿಗ್ಗಾವಿ ತಾಲೂಕಿನ ದುಂಡಶಿಯ ಕಡೆ ಹುಟ್ಟುತ್ತದೆ. ಅಲ್ಲಿಂದ ಉತ್ತರಕ್ಕೆ ಮುಖ ಮಾಡಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲೂಕುಗಳನ್ನು ಹಾಯ್ದು ರೋಣ ತಾಲೂಕಿನಲ್ಲಿ ಮಲಪ್ರಭೆಯನ್ನು ಕೂಡುತ್ತದೆ. ಧಾರವಾಡದ ಕಡೆಯಿಂದ ಬರುವ ತುಪ್ಪರಿಹಳ್ಳ ನವಲಗುಂದದ ಎರಿ ಸೀಮೆಯಲ್ಲಿ ಇದಕ್ಕೆ ಬಂದು ಸೇರುತ್ತದೆ. ಯಮನೂರಿನ ಜಾತ್ರೆಗೆ ಬಂದ ಭಕ್ತರು ಮೈ ತೊಳೆಯುವುದು ಇದೇ ಬೆಣ್ಣೆಹಳ್ಳದಲ್ಲಿ. ಹೆಸರಿಗೆ ಹಳ್ಳವಾದರೂ ಮಳೆಗಾಲದಲ್ಲಿ ಇದರ ಸೊಕ್ಕು ಹೊಳೆಗಿಂತ ಕಡಿಮೆಯಿಲ್ಲ.

ಈ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮಳೆ ಬೀಳುವುದು ಕುಂದಗೋಳ, ಹುಬ್ಬಳ್ಳಿಯಲ್ಲಿ. ನೆರೆ ಏರುವುದು ನವಲಗುಂದದಲ್ಲಿ. ತಮ್ಮ ಊರಲ್ಲಿ ಒಂದು ಹನಿ ಬೀಳದಿದ್ದರೂ ಬೆಳಗಾಗುವುದರೊಳಗೆ ಹಳ್ಳ ದಂಡೆ ಮೀರಿ ಬಂದ ಅನುಭವ ಕೆಳಗಿನ ಊರುಗಳವರಿಗೆ ಉಂಟು. ಮೇಲಿನ ರೈತ ತನ್ನ ಹೊಲದ ನೀರನ್ನು ಹೇಗೆ ಬಿಡುತ್ತಾನೆ ಎಂಬುದರ ಮೇಲೆ ಕೆಳಗಿನ ರೈತನ ರಾಶಿ ನಿಂತಿದೆ. ಹಳ್ಳವೆಂದರೆ ಹತ್ತಾರು ಊರುಗಳನ್ನು ಕಟ್ಟಿ ಹಾಕಿದ ನೆಂಟಸ್ತಿಕೆ.

ಎರಿ ಮಣ್ಣಿನ ಗುಣ

ನಮ್ಮ ಸೀಮೆಯ ಮಣ್ಣು ಬೇರೆ ಕಡೆಯ ಮಣ್ಣಿನಂತಲ್ಲ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಹೊಲ ಎಲ್ಲರಿಗೂ ಗೊತ್ತು. ಹಳ್ಳದ ದಂಡೆಯೂ ಹಾಗೆಯೇ ಬಿರಿಯುತ್ತದೆ. ಮುಂಗಾರಿಯ ಮೊದಲ ದೊಡ್ಡ ಮಳೆಗೆ ಆ ಬಿರುಕುಗಳಲ್ಲಿ ನೀರು ಇಳಿದು, ಒಳಗಿನ ಮಣ್ಣು ಮೆತ್ತಗಾಗಿ ಭಾರವಾಗುತ್ತದೆ. ಕೆಳಗೆ ಹರಿಯುವ ನೀರು ದಂಡೆಯ ಬುಡವನ್ನು ಕೊರೆಯುತ್ತದೆ. ಮೇಲೆ ಭಾರ, ಕೆಳಗೆ ಪೊಳ್ಳು. ಆಗ ಎತ್ತಿನ ಬಂಡಿ ಗಾತ್ರದ ಹೆಂಟೆಗಳು ಒಮ್ಮೆಲೇ ಕಳಚಿ ಹಳ್ಳಕ್ಕೆ ಬೀಳುತ್ತವೆ.

ಹೀಗೆ ಬಿದ್ದ ಮಣ್ಣು ಮುಂದೆ ಎಲ್ಲಿಯೋ ಹರಿವು ನಿಧಾನವಾದಲ್ಲಿ ಕೂಡ್ರುತ್ತದೆ. ಅದಕ್ಕೆ ನಾವು ಹೂಳು ಎನ್ನುತ್ತೇವೆ. ಹೂಳು ತುಂಬಿದ ಹಳ್ಳ ಆಳ ಕಳೆದುಕೊಂಡು ಅಗಲವಾಗಲು ನೋಡುತ್ತದೆ, ಮತ್ತೆ ದಂಡೆಯನ್ನು ಕೊರೆಯುತ್ತದೆ. ಹೂಳು ತೆಗೆದು ದಂಡೆಯನ್ನು ಬರಿದಾಗಿ ಬಿಟ್ಟರೆ ನಾಲ್ಕಾರು ಮಳೆಗಾಲದಲ್ಲಿ ಹಳ್ಳ ಮತ್ತೆ ತುಂಬುವುದು ಇದೇ ಕಾರಣಕ್ಕೆ. ತೂತು ಮುಚ್ಚದೆ ಕೊಡದಲ್ಲಿ ನೀರು ತುಂಬಿದಂತೆ ಈ ಕೆಲಸ.

ಈ ಮಣ್ಣನ್ನು ಹಿಡಿದಿಡುವ ಶಕ್ತಿ ಬೇರಿಗೆ ಇದೆ. ಹುಲ್ಲಿನ ಬೇರು ಮೇಲ್ಪದರವನ್ನು ಹೆಣೆದಿಡುತ್ತದೆ, ಕಂಟಿಯ ಬೇರು ನಡುವಿನ ಮಣ್ಣನ್ನು, ಮರದ ಬೇರು ಆಳದ ಮಣ್ಣನ್ನು. ಮೂರೂ ಕೂಡಿದ ದಂಡೆ ನೆರೆಗೆ ಮೈಯೊಡ್ಡಿ ನಿಲ್ಲುತ್ತದೆ. ನೀರು ಬಂದಾಗ ಹುಲ್ಲು ಮಲಗುತ್ತದೆ, ಲಕ್ಕಿ ಗಿಡ ಬಾಗುತ್ತದೆ. ಹರಿವಿನ ರಭಸ ದಂಡೆಗೆ ತಗುಲದೆ ಗಿಡದ ಮೇಲೆ ಮುರಿಯುತ್ತದೆ. ಹೊಲದಿಂದ ಬರುವ ಕೆಸರು ನೀರು ಹುಲ್ಲಿನ ಪಟ್ಟಿಯನ್ನು ಹಾಯುವಾಗ ಮಣ್ಣನ್ನು ಅಲ್ಲಿಯೇ ಬಿಟ್ಟು ತಿಳಿಯಾಗಿ ಇಳಿಯುತ್ತದೆ. ತಾವು ಹಣ ಕೊಟ್ಟು ಹಾಕಿದ ಗೊಬ್ಬರ ಮಣ್ಣಿನ ಕಣಕ್ಕೆ ಅಂಟಿಕೊಂಡು ಹಳ್ಳ ಸೇರುವುದೂ ಅಷ್ಟರ ಮಟ್ಟಿಗೆ ತಪ್ಪುತ್ತದೆ.

ದಂಡೆ ಬೋಳಾದದ್ದು ಹೇಗೆ

ಒಂದೇ ದಿನದಲ್ಲಿ, ಒಬ್ಬರ ಕೈಯಿಂದ ಆದ ಕೆಲಸ ಇದಲ್ಲ. ಹೊಲ ಪಾಲಾದಂತೆ ಒಬ್ಬೊಬ್ಬರ ಪಾಲಿಗೆ ಬಂದ ನೆಲ ಕಡಿಮೆಯಾಯಿತು. ವರ್ಷಕ್ಕೊಂದು ಸಾಲಿನಂತೆ ಕುಂಟೆ ಹಳ್ಳದ ಅಂಚಿಗೆ ಸರಿಯಿತು. ಎತ್ತಿನ ಕುಂಟೆ ಅಂಚು ಬಿಟ್ಟು ತಿರುಗುತ್ತಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಆ ಅಂಚೂ ಉಳಿಯಲಿಲ್ಲ. ಸೌದೆಗೆ, ಮನೆಯ ತೊಲೆಗೆ ಹಳ್ಳದ ಬದಿಯ ಜಾಲಿ, ನೇರಳೆ, ಮತ್ತಿ ಮರಗಳು ಹೋದವು. 1970ರ ದಶಕದಲ್ಲಿ ನವಿಲುತೀರ್ಥದ ಆಣೆಕಟ್ಟಿನಿಂದ ಮಲಪ್ರಭೆ ಕಾಲುವೆಗಳು ಬಂದವು. ಮಳೆ ನಂಬಿದ್ದ ಎರಿ ಹೊಲಕ್ಕೆ ನೀರು ಬಂತು. ಅದರ ಬೆನ್ನಿಗೇ ಕೆಲವು ಕಡೆ ಜವಳೂ ಬಂತು. ಹೊಲದ ಹೆಚ್ಚುವರಿ ನೀರು ಬಸಿದು ಹೋಗಲು ಇರುವ ದಾರಿ ಹಳ್ಳವೇ. ಅದೇ ಕಟ್ಟಿಕೊಂಡರೆ ಜವಳು ಏರುವುದು ಸಹಜ.

ಬೋಳಾದ ದಂಡೆ ಖಾಲಿ ಉಳಿಯಲಿಲ್ಲ. ಬಳ್ಳಾರಿ ಜಾಲಿ ಬಂದು ಕೂತಿತು. ಇದು ನಮ್ಮ ನಾಡಿನ ಗಿಡವಲ್ಲ. ಅಮೆರಿಕ ಖಂಡದ ಈ ಗಿಡವನ್ನು 1870ರ ದಶಕದಲ್ಲಿ ಸೌದೆಗೆಂದು ಕಡಪಾ ಸೀಮೆಗೆ ತಂದು ಬೆಳೆಸಿದರು. ಸಿಹಿಯಾದ ಕಾಯಿಯನ್ನು ಆಡು, ಕುರಿ, ದನ ತಿನ್ನುತ್ತವೆ, ಬೀಜ ಹಿಕ್ಕೆ ಸಗಣಿಯಲ್ಲಿ ಊರೂರು ಸುತ್ತುತ್ತದೆ; ಉಳಿದದ್ದನ್ನು ನೆರೆ ಹೊತ್ತು ಒಯ್ಯುತ್ತದೆ. ಕಡಿದರೆ ಬುಡದಿಂದ ನಾಲ್ಕು ಟಿಸಿಲು ಒಡೆಯುತ್ತದೆ. ತನ್ನ ಕೆಳಗೆ ಹುಲ್ಲು ಬೆಳೆಯಗೊಡುವುದಿಲ್ಲ. ದಂಡೆಯಿಂದ ಹಳ್ಳದ ಪಾತ್ರದೊಳಕ್ಕೇ ಇಳಿದು ಮುಳ್ಳಿನ ಗೋಡೆಯಂತೆ ನಿಂತು ನೆರೆಯ ನೀರನ್ನು ತಡೆಯುತ್ತದೆ, ಕಸ ಕಡ್ಡಿ ಹಿಡಿಯುತ್ತದೆ, ನೀರನ್ನು ಹೊಲದ ಕಡೆಗೆ ತಿರುಗಿಸುತ್ತದೆ. ಬಡವರ ಒಲೆಗೆ ಅದು ಸೌದೆಯಾದದ್ದು ನಿಜ. ಆದರೆ ಹಳ್ಳದ ಪಾತ್ರದಲ್ಲಿ ಅದಕ್ಕೆ ಜಾಗವಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪಾತ್ರದ ನಡುವೆ ಬೆಳೆದ ಗಿಡ ನೀರಿಗೆ ಅಡ್ಡಿ; ಇಳಿಜಾರಿನಲ್ಲಿ, ದಂಡೆಯ ಮೇಲೆ ಬೆಳೆದ ಗಿಡ ನೆಲಕ್ಕೆ ಆಸರೆ. ಪಾತ್ರ ತೆರವಾಗಿರಬೇಕು, ದಂಡೆ ಹಸಿರಾಗಿರಬೇಕು. ಇಂದು ಹಲವು ಕಡೆ ಇದು ತಿರುಗುಮುರುಗಾಗಿದೆ.

ಏರಿ ಕಟ್ಟಿದವರ ಪಾಠ

ಹಳ್ಳವನ್ನು ನೇರ ಮಾಡಿ, ಎರಡೂ ಬದಿಗೆ ಎತ್ತರದ ಏರಿ ಹಾಕಿ, ಕಲ್ಲು ಕಾಂಕ್ರೀಟಿನಿಂದ ಕಟ್ಟಿಬಿಟ್ಟರೆ ಎಲ್ಲ ಸಮಸ್ಯೆ ತೀರೀತೆಂದು ತಿಳಿಯುವವರುಂಟು. ಊರಿನ ಹತ್ತಿರ, ಸೇತುವೆಯ ಹತ್ತಿರ ಕಲ್ಲಿನ ಕೆಲಸ ಬೇಕೇ ಬೇಕು. ಆದರೆ ಇಡೀ ಹಳ್ಳಕ್ಕೆ ಅದೇ ಮದ್ದು ಎಂದು ಹೊರಡುವ ಮೊದಲು ಬೇರೆಯವರ ಅನುಭವವನ್ನು ನೋಡುವುದು ಮೇಲು.

ಬಿಹಾರದಲ್ಲಿ 1950ರ ದಶಕದ ಆರಂಭಕ್ಕೆ ನದಿಗಳ ಏರಿ ಇದ್ದದ್ದು ಸುಮಾರು 160 ಕಿಲೋಮೀಟರು. ಮುಂದಿನ ನಾಲ್ಕು ದಶಕಗಳಲ್ಲಿ ಅದು 3,400 ಕಿಲೋಮೀಟರು ದಾಟಿತು. ಇದೇ ಅವಧಿಯಲ್ಲಿ ನೆರೆಗೆ ತುತ್ತಾಗುವ ಭೂಮಿ ಸುಮಾರು 25 ಲಕ್ಷ ಹೆಕ್ಟೇರಿನಿಂದ 68 ಲಕ್ಷ ಹೆಕ್ಟೇರಿಗೆ ಏರಿತು. ಏರಿಯ ನಡುವೆ ಹೂಳು ತುಂಬಿ ನದಿಯ ತಳ ಮೇಲೆದ್ದಿತು, ಏರಿಯ ಹೊರಗಿನ ಮಳೆನೀರಿಗೆ ನದಿ ಸೇರಲು ದಾರಿ ಇಲ್ಲವಾಯಿತು. 2008ರ ಆಗಸ್ಟ್‌ನಲ್ಲಿ ನೇಪಾಳದ ಕುಸಹಾ ಎಂಬಲ್ಲಿ ಕೋಸಿ ನದಿಯ ಏರಿ ಒಡೆದಾಗ ಬಿಹಾರದ ಲಕ್ಷಾಂತರ ಜನ ಬೀದಿಗೆ ಬಿದ್ದರು.

ಶ್ರೀಮಂತ ದೇಶಗಳೂ ಇದೇ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿವೆ. ಅಮೆರಿಕದ ಫ್ಲಾರಿಡಾದಲ್ಲಿ ಕಿಸಿಮ್ಮಿ ಎಂಬ ನದಿ ಹಾವಿನಂತೆ ಬಳುಕುತ್ತ 166 ಕಿಲೋಮೀಟರು ಹರಿಯುತ್ತಿತ್ತು. ನೆರೆ ತಡೆಯಲೆಂದು 1962ರಿಂದ 1971ರವರೆಗೆ ಅದನ್ನು ಅಗೆದು 90 ಕಿಲೋಮೀಟರಿನ ನೇರ ಕಾಲುವೆ ಮಾಡಿದರು. ದಂಡೆಯ ಜವುಗು ಒಣಗಿತು, ಮೀನು ಹಕ್ಕಿಗಳು ಹೋದವು, ಹೊಲಗಳ ಕೊಳೆ ಸೋಸದೆ ನೇರವಾಗಿ ಕೆಳಗಿನ ಸರೋವರ ಸೇರಿತು. ಆಮೇಲೆ 1999ರಿಂದ 2021ರವರೆಗೆ ಕಾಲುವೆಯ ದೊಡ್ಡ ಭಾಗವನ್ನು ಮಣ್ಣು ತುಂಬಿ ಮುಚ್ಚಿ, ನದಿಯನ್ನು ಹಳೆಯ ಬಳುಕು ದಾರಿಗೆ ತಿರುಗಿಸಿದರು. ಹಕ್ಕಿಗಳು ಮರಳಿ ಬಂದವು. ಆದರೆ ಅಗೆಯಲು ತಗುಲಿದ್ದಕ್ಕಿಂತ ಎಷ್ಟೋ ಪಟ್ಟು ಹಣ ಮುಚ್ಚಲು ತಗುಲಿತು. ಏರಿ ಕಟ್ಟುವುದರಲ್ಲಿ ಜಗತ್ತಿಗೇ ಗುರುವಾದ ಹಾಲೆಂಡ್ ದೇಶ ಕೂಡ 1995ರ ನೆರೆಯಲ್ಲಿ ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾದ ಮೇಲೆ ಮನಸ್ಸು ಬದಲಿಸಿತು. 30ಕ್ಕೂ ಹೆಚ್ಚು ಜಾಗಗಳಲ್ಲಿ ಏರಿಯನ್ನು ಹಿಂದಕ್ಕೆ ಸರಿಸುವುದೇ ಮೊದಲಾದ ಉಪಾಯಗಳಿಂದ ನದಿಗೆ ಹರಡಿಕೊಳ್ಳಲು ಜಾಗ ಬಿಟ್ಟುಕೊಟ್ಟಿತು.

ಅವರ ಹಣ ನಮ್ಮಲ್ಲಿಲ್ಲ. ಕೆಡಿಸಿ ಆಮೇಲೆ ಸರಿಪಡಿಸುವ ಭಾಗ್ಯ ನಮಗಿಲ್ಲವಾದ್ದರಿಂದ ಕೆಡುವ ಮೊದಲೇ ಎಚ್ಚರವಾಗುವುದು ಲೇಸು.

ಎಷ್ಟು ನೆಲ ಬಿಡಬೇಕು?

'ಇರುವ ನೆಲವೇ ಸಾಲದು, ಇನ್ನು ಹಳ್ಳಕ್ಕೆ ಎಲ್ಲಿಂದ ಬಿಡೋಣ?' ಎಂದು ತಾವು ಕೇಳುವುದು ಸಹಜ. ಲೆಕ್ಕ ಹಾಕಿ ನೋಡೋಣ. ಹಳ್ಳದ ಬದಿಗೆ 100 ಮೀಟರು ಉದ್ದದ ಹೊಲವಿದ್ದವರು 5 ಮೀಟರು ಅಗಲದ ಪಟ್ಟಿ ಬಿಟ್ಟರೆ 500 ಚದರ ಮೀಟರು, ಅಂದರೆ ಸುಮಾರು 5 ಗುಂಟೆ. ಎಕರೆಯ ಎಂಟನೆಯ ಒಂದು ಪಾಲು. ಇದೇನೂ ಸಣ್ಣದಲ್ಲ. ಆದರೆ ಆ 5 ಗುಂಟೆಯಲ್ಲಿ ಎಷ್ಟು ಸಲ ಬಿತ್ತಿದ ಬೀಜ ಕೈಗೆ ಬಂದಿದೆ ಎಂಬುದನ್ನೂ ಅದೇ ಲೆಕ್ಕದಲ್ಲಿ ಬರೆಯಬೇಕು. ಒಂದು ದೊಡ್ಡ ನೆರೆಗೆ ಅಷ್ಟೇ ಅಗಲದ ಹೊಲ ಹಳ್ಳದ ಪಾಲಾಗಬಹುದು. ಆಗ ಹೋದ ನೆಲಕ್ಕೆ ಹುಲ್ಲೂ ಇಲ್ಲ, ಸೌದೆಯೂ ಇಲ್ಲ.

ಇನ್ನೊಂದು ಮಾತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಹೊಳೆ ಹಳ್ಳಗಳ ಪಾತ್ರ ಸರ್ಕಾರದ ಸ್ವತ್ತು. ಸರ್ವೇ ನಕಾಶೆಯಲ್ಲಿ ಹಳ್ಳದ ಅಗಲ ಬರೆದಿರುತ್ತದೆ. ಎಲ್ಲಿ ಹಳ್ಳ ಹೊಲದೊಳಗೆ ಬಂದಿದೆ, ಎಲ್ಲಿ ಹೊಲ ಹಳ್ಳದೊಳಗೆ ಹೋಗಿದೆ ಎಂಬುದನ್ನು ಮೊದಲು ಅಳತೆ ಮಾಡಿಸಿ ಹದ್ದುಬಸ್ತು ಮಾಡಬೇಕು. ಈ ಅಳತೆ ದೊಡ್ಡವರ ಹೊಲದಿಂದ ಆರಂಭವಾಗಬೇಕು. ಸಣ್ಣ ಹಿಡುವಳಿಯವನ ಸಾಲನ್ನು ಕಿತ್ತು, ನೂರೆಕರೆಯವನ ಒತ್ತುವರಿಗೆ ಕಣ್ಣು ಮುಚ್ಚಿದರೆ ಯಾವ ಯೋಜನೆಯೂ ಊರಲ್ಲಿ ನಿಲ್ಲದು.

ದಂಡೆ ಕಟ್ಟುವ ಕ್ರಮ

ಕೆಲಸಕ್ಕೆ ಕೈ ಹಾಕುವವರ ಅನುಕೂಲಕ್ಕೆ ಕೆಲವು ಸಂಗತಿಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲು ಇಳಿಜಾರು. ಕಡಿದಾಗಿ ನಿಂತ ಎರಿ ದಂಡೆಗೆ ಏನು ನೆಟ್ಟರೂ ಉಳಿಯದು. ಒಂದು ಮಾರು ಎತ್ತರಕ್ಕೆ ಎರಡು ಮಾರು ಅಡ್ಡ ಬರುವಂತೆ ದಂಡೆಯನ್ನು ಇಳಿಜಾರು ಮಾಡಬೇಕು. ಕಡಿದ ಮಣ್ಣನ್ನಾಗಲಿ, ತೆಗೆದ ಹೂಳನ್ನಾಗಲಿ ದಂಡೆಯ ತುದಿಗೆ ಗುಡ್ಡೆ ಹಾಕಕೂಡದು. ಅದರ ಭಾರಕ್ಕೇ ದಂಡೆ ಕುಸಿಯುತ್ತದೆ, ಮೊದಲ ಮಳೆಗೇ ಆ ಮಣ್ಣು ತಿರುಗಿ ಹಳ್ಳ ಸೇರುತ್ತದೆ. ಹೂಳನ್ನು ಹೊಲಕ್ಕೆ ಒಯ್ಯಬಹುದು. ಆದರೆ ಹುಬ್ಬಳ್ಳಿಯ ಕೊಳೆನೀರು ಕೂಡಿದ ಜಾಗದಿಂದ ಕೆಳಗಿನ ಹೂಳನ್ನು ಮಣ್ಣು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕುವುದು ಜಾಣತನವಲ್ಲ.

ಎರಡನೆಯದು ಬಳ್ಳಾರಿ ಜಾಲಿ. ಇದನ್ನು ಕಾಯಿ ಬಲಿತು ಉದುರುವ ಮೊದಲು, ಬುಡದ ಗಡ್ಡೆ ಸಮೇತ ಕೀಳಬೇಕು. ಒಮ್ಮೆಲೇ ಮೈಲುಗಟ್ಟಲೆ ಕಿತ್ತು ದಂಡೆಯನ್ನು ಬತ್ತಲೆ ಮಾಡುವುದು ಸಲ್ಲದು. ಆ ಬೇಸಿಗೆಯಲ್ಲಿ ಎಷ್ಟು ದೂರ ನೆಡಲು ಸಾಧ್ಯವೋ ಅಷ್ಟೇ ದೂರ ಕೀಳಬೇಕು. ಕಿತ್ತ ಮೇಲೆ ಎರಡು ಮೂರು ವರ್ಷ ಹೊಸ ಸಸಿಗಳನ್ನು ಕೈಯಿಂದ ಕಳೆ ತೆಗೆಯುತ್ತಿರಬೇಕು.

ಮೂರನೆಯದು ನೆಡುವುದು. ನೀರಿನ ಅಂಚಿಗೆ, ದಂಡೆಯ ಬುಡಕ್ಕೆ ಲಾವಂಚ ಮತ್ತು ಲಕ್ಕಿ. ಲಾವಂಚದ ಬೇರು ನೇರವಾಗಿ ಆಳಕ್ಕೆ ಇಳಿಯುತ್ತದೆ. ಹದವಾದ ನೆಲದಲ್ಲಿ ಆಳುದ್ದಕ್ಕೂ ಮಿಕ್ಕಿ ಹೋಗುತ್ತದೆ. ಗೇಣಿಗೊಂದರಂತೆ ಸಾಲಾಗಿ ನೆಟ್ಟರೆ ಎರಡು ವರ್ಷಕ್ಕೆ ಬೇಲಿಯಂತೆ ಕೂಡಿಕೊಳ್ಳುತ್ತದೆ. 1980ರ ದಶಕದಲ್ಲಿ ವಿಶ್ವ ಬ್ಯಾಂಕಿನ ತಜ್ಞರು ಈ ಹುಲ್ಲಿನ ಮಹಿಮೆಯನ್ನು ದೇಶ ದೇಶಗಳಿಗೆ ಸಾರಿದರು. ಆದರೆ ನಮ್ಮದೇ ರಾಜ್ಯದ ಗುಂಡ್ಲುಪೇಟೆ ಕಡೆಯ ರೈತರು ಅದಕ್ಕೂ ಬಹು ಮೊದಲಿನಿಂದ ಇದನ್ನು ಹೊಲದ ಬದುವಿಗೆ ನೆಡುತ್ತ ಬಂದಿದ್ದರು. ಲಕ್ಕಿಯ ಟೊಂಗೆ ಕಡಿದು ಹಸಿ ನೆಲದಲ್ಲಿ ಚುಚ್ಚಿದರೂ ಚಿಗುರುತ್ತದೆ, ದನ ಆಡು ಬಾಯಿ ಹಾಕುವುದೂ ಕಡಿಮೆ.

ಇಳಿಜಾರಿನ ನಡುವೆ ಕರಿಕೆ ಹುಲ್ಲು ಮತ್ತು ಹೊಂಗೆ. ಹೊಂಗೆ ಜವಳನ್ನೂ ಸವಳನ್ನೂ ಒಂದಿಷ್ಟು ತಾಳಿಕೊಳ್ಳುವ ಮರ. ದಂಡೆಯ ಮೇಲೆ ಹೊಳೆಮತ್ತಿ, ನೇರಳೆ ಮತ್ತು ನಮ್ಮದೇ ಕರಿಜಾಲಿ. ಎರಿ ಮಣ್ಣಿಗೂ, ನಿಂತ ನೀರಿಗೂ ಹೊಂದಿಕೊಂಡ ಮರ ಕರಿಜಾಲಿ. ಬಳ್ಳಾರಿ ಜಾಲಿಯ ಮೇಲಿನ ಸಿಟ್ಟಿಗೆ ಇದನ್ನು ಕಡಿಯಬಾರದು. ಬೇವು, ಹುಣಸೆಗೆ ಕಾಲಡಿ ನೀರು ನಿಲ್ಲುವುದು ಆಗದು, ಅವು ಎತ್ತರದಲ್ಲಿಯೇ ಇರಲಿ. ಹೊಲಕ್ಕೆ ತಾಗಿದ ಕೊನೆಯ ಎರಡು ಮೀಟರು ಬರೀ ಹುಲ್ಲಿರಲಿ; ಹೊಲದ ಮಣ್ಣನ್ನು ಹಿಡಿಯುವುದು ಅದೇ, ದನಗಳಿಗೆ ಕರಡವಾಗುವುದೂ ಅದೇ. ಕಲಘಟಗಿ ತಾಲೂಕಿನ ಹಳ್ಳಗಳು ಪಡುವಲಕ್ಕೆ ಬೇಡ್ತಿಯ ಕಡೆಗೆ ಹರಿಯುತ್ತವೆ. ಅಲ್ಲಿ ಮಳೆ ಹೆಚ್ಚು, ಕೆಂಪು ಮಣ್ಣು ಹೆಚ್ಚು. ಆ ಕಡೆಯವರು ಬಿದಿರನ್ನೂ ನೆಡಬಹುದು. ಆದರೆ ಅವರ ಮೊದಲ ಕೆಲಸ ದಂಡೆಯ ಮೇಲೆ ಇನ್ನೂ ಉಳಿದ ಮರಗಳನ್ನು ಕಾಯುವುದು. ಇದ್ದದ್ದನ್ನು ಉಳಿಸುವುದು ಹೊಸದು ನೆಡುವುದಕ್ಕಿಂತ ಅಗ್ಗ.

ನಾಲ್ಕನೆಯದು ಕಾಲ. ಮಣ್ಣಿನ ಕೆಲಸ ಬೇಸಿಗೆಯಲ್ಲಿ ಮುಗಿಯಬೇಕು, ನೆಡುವುದು ಮುಂಗಾರಿ ಹದವಾದ ಕೂಡಲೇ ಆಗಬೇಕು. ಹೊಂಗೆ, ಬೇವು, ಕರಿಜಾಲಿಗಳನ್ನು ಬೀಜ ಊರಿಯೂ ಬೆಳೆಸಬಹುದು. ಬೇವಿನ ಬೀಜ ಬೇಗ ಸತ್ವ ಕಳೆದುಕೊಳ್ಳುವುದರಿಂದ ಹಣ್ಣು ಉದುರಿದ ಕೆಲವೇ ದಿನಗಳಲ್ಲಿ ಊರಬೇಕು. ಕರಿಜಾಲಿ ಬೀಜದ ಸಿಪ್ಪೆ ಗಟ್ಟಿ. ಬಿಸಿ ನೀರಿನಲ್ಲಿ ಹಾಕಿ ಒಂದು ರಾತ್ರಿ ನೆನೆಯಲು ಬಿಟ್ಟು ಊರಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಎರಿ ನೆಲದಲ್ಲಿ ಸಸಿ ಸಾಯುವುದು ಮೊದಲ ಬೇಸಿಗೆಯಲ್ಲಿ. ನೆಲ ಬಿರಿದಾಗ ಎಳೆ ಬೇರು ಹರಿದು ಹೋಗುತ್ತದೆ. ಅದಕ್ಕೆ ಸಸಿಯ ಬುಡದ ಬಿರುಕನ್ನು ಸಡಿಲ ಮಣ್ಣಿನಿಂದ ಮುಚ್ಚಿ, ಮೇಲೆ ತೊಗರಿ ಹೊಟ್ಟು, ಕರಡ ಏನಾದರೂ ಹೊದಿಸಬೇಕು. ಎರಡು ಬೇಸಿಗೆ ದಾಟಿತೆಂದರೆ ಆಮೇಲೆ ಗಿಡ ತನ್ನನ್ನು ತಾನು ನೋಡಿಕೊಳ್ಳುತ್ತದೆ.

ನೆಡುವುದಕ್ಕಿಂತ ಕಾಯುವುದು ದೊಡ್ಡದು ಎಂಬುದಕ್ಕೆ ದೂರದ ಒಂದು ಉದಾಹರಣೆ ಸಾಕು. 2017ರ ಜುಲೈ 2ರಂದು ಮಧ್ಯಪ್ರದೇಶ ಸರ್ಕಾರ ನರ್ಮದೆಯ ಜಲಾನಯನದಲ್ಲಿ ಒಂದೇ ದಿನ 6 ಕೋಟಿಗೂ ಹೆಚ್ಚು ಸಸಿ ನೆಡಿಸಿದ್ದಾಗಿ ಹೇಳಿಕೊಂಡಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಎಷ್ಟು ನೆಟ್ಟರು, ಎಷ್ಟು ಬದುಕಿದವು ಎಂಬುದೇ ತಕರಾರಿನ ವಿಷಯವಾಯಿತು. ನಮ್ಮ ಊರಿನ ದಂಡೆಗೆ ದಾಖಲೆ ಬೇಡ, ವರ್ಷಕ್ಕೆ ಇನ್ನೂರು ಗಿಡ ಬದುಕಿದರೆ ಸಾಕು.

ಕೆಲವು ತಕರಾರುಗಳು

ದಂಡೆಯಲ್ಲಿ ಗಿಡ ಬೆಳೆಸಿದರೆ ಕಾಡುಹಂದಿ ಅಡಗುತ್ತವೆ, ನೆರಳಿಗೆ ಬೆಳೆ ಬರುವುದಿಲ್ಲ ಎಂಬ ಮಾತುಗಳಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹಂದಿಗೆ ಇಂದು ಒಳ್ಳೆಯ ಮನೆಯೆಂದರೆ ಬಳ್ಳಾರಿ ಜಾಲಿಯ ದಟ್ಟ ಮುಳ್ಳು. ಬುಡ ಸವರಿದ ಮರಗಳ ಸಾಲು, ನಡುವೆ ಕೊಯ್ದ ಹುಲ್ಲು ಇರುವ ದಂಡೆಯಲ್ಲಿ ಅದಕ್ಕೆ ಅಷ್ಟು ಮರೆ ಸಿಗದು. ಗೂಬೆ, ಹಾವು, ಮುಂಗುಸಿಗಳಿಗೆ ಜಾಗ ಸಿಕ್ಕರೆ ಇಲಿ ಕಡಿಮೆಯಾಗುತ್ತವೆ. ಕಡಲೆ, ತೊಗರಿಯ ಕಾಯಿಕೊರಕ ಹುಳುವನ್ನು ಹೆಕ್ಕಿ ತಿನ್ನುವ ಹಕ್ಕಿಗಳಿಗೆ ಕೂಡ್ರಲು ಟೊಂಗೆ ಬೇಕು. ಸೂರ್ಯಕಾಂತಿಯಲ್ಲಿ ಕಾಳು ಕಟ್ಟಲು ಜೇನುನೊಣ ಬೇಕು. ಹೊಂಗೆ, ನೇರಳೆ ಹೂವು ಅದಕ್ಕೆ ಮೇವು. ನೆರಳಿನ ವಿಷಯದಲ್ಲಿ, ಎತ್ತರದ ಮರಗಳನ್ನು ದೂರ ದೂರ ನೆಟ್ಟು, ಹೊಲದ ಕಡೆಯ ಟೊಂಗೆಗಳನ್ನು ವರ್ಷಕ್ಕೊಮ್ಮೆ ಸವರಿದರೆ ನಷ್ಟ ಕಡಿಮೆಯಾಗುತ್ತದೆ.

ಕುರಿಗಾಹಿಗಳ ಮತ್ತು ಭೂಮಿ ಇಲ್ಲದವರ ಪ್ರಶ್ನೆ ಇದಕ್ಕಿಂತ ದೊಡ್ಡದು. ಹಳ್ಳದ ದಂಡೆ ಅವರ ಮೇವಿನ ಜಾಗ, ಸೌದೆಯ ಜಾಗ. ಬೇಲಿ ಹಾಕಿ ಅವರನ್ನು ಹೊರಗಿಟ್ಟರೆ ಒಂದೇ ರಾತ್ರಿಯಲ್ಲಿ ಬೇಲಿಯೂ ಹೋದೀತು, ಗಿಡವೂ ಹೋದೀತು. ದನ ಕುರಿಗಳು ನೀರಿಗೆ ಇಳಿಯಲು ಅಲ್ಲಲ್ಲಿ ಕಲ್ಲು ಹಾಸಿದ ದಾರಿ ಬಿಡಬೇಕು. ಒಂದು ತುಂಡು ದಂಡೆಯನ್ನು ಎರಡು ಮೂರು ವರ್ಷ ಮೇಯಿಸದೆ ಕಾಯ್ದು, ಅದು ಬಲಿತ ಮೇಲೆ ತೆರೆದು ಮುಂದಿನ ತುಂಡಿಗೆ ಹೋಗಬೇಕು. ಕೊಯ್ದ ಹುಲ್ಲು, ಸವರಿದ ಸೌದೆ, ಹೊಂಗೆ ಬೀಜ, ನೇರಳೆ ಹಣ್ಣು ಯಾರಿಗೆ ಎಷ್ಟು ಎಂಬುದನ್ನು ಗ್ರಾಮಸಭೆಯಲ್ಲಿ ಮೊದಲೇ ಬರೆದಿಡಬೇಕು. ಕಾಯುವ ಕೆಲಸ ಹೆಣ್ಣುಮಕ್ಕಳ ಸ್ವಸಹಾಯ ಸಂಘಕ್ಕೆ ವಹಿಸಿ, ಫಲದಲ್ಲಿ ಪಾಲು ಕೊಟ್ಟರೆ ಇನ್ನೂ ಒಳ್ಳೆಯದು.

ಹುಬ್ಬಳ್ಳಿಯ ಕೊಳೆನೀರಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಪಟ್ಟಣದ ಗಟಾರಗಳು ನಾಲೆಗಳ ಮೂಲಕ ಬೆಣ್ಣೆಹಳ್ಳ ಸೇರುತ್ತವೆ. ಮಳೆ ಇಲ್ಲದ ದಿನಗಳಲ್ಲಿ ಕೆಳಗಿನ ಕೆಲವು ರೈತರು ಅದೇ ನೀರನ್ನು ಎತ್ತಿ ತರಕಾರಿ ಬೆಳೆಯುತ್ತಾರೆ. ದಂಡೆಯ ಹುಲ್ಲು ಗಿಡಗಳು ಹೊಲದ ಕೆಸರನ್ನು ಸೋಸಬಲ್ಲವು. ಇಡೀ ಪಟ್ಟಣದ ಹೊಲಸನ್ನು ತೊಳೆಯಲಾರವು. ಆ ಕೆಲಸ ಪಟ್ಟಣದ್ದು. ಶುದ್ಧ ಮಾಡದ ನೀರನ್ನು ಹಳ್ಳಕ್ಕೆ ಬಿಡಕೂಡದೆಂದು ಕೇಳುವ ಹಕ್ಕು ಹಳ್ಳದ ಬದಿಯ ಪ್ರತಿ ಊರಿಗೂ ಇದೆ.

ಸರ್ಕಾರ ಮಾಡಬೇಕಾದದ್ದು, ಊರು ಮಾಡಬೇಕಾದದ್ದು

ನೆರೆ ತಡೆಯುವ ಯೋಜನೆಗಳ ಮಾತು ಬಂದಾಗಲೆಲ್ಲ ನಾವು ಒಂದು ಶರತ್ತನ್ನು ಮುಂದಿಡಬೇಕು. ಹೂಳು ತೆಗೆಯುವ ಅಂದಾಜು ಪಟ್ಟಿಯಲ್ಲಿಯೇ ದಂಡೆಗೆ ಹುಲ್ಲು, ಗಿಡ ನೆಡುವ ಕಲಮು ಇರಬೇಕು. ಮೂರು ವರ್ಷ ಕಾಯುವ ಖರ್ಚು ಅದರಲ್ಲಿಯೇ ಸೇರಬೇಕು. ಗುತ್ತಿಗೆದಾರನಿಗೆ ಕೊನೆಯ ಬಿಲ್ಲು ಎತ್ತಿದ ಮಣ್ಣಿನ ಲೆಕ್ಕದ ಮೇಲಷ್ಟೇ ಆಗದೆ, ಬದುಕಿದ ಗಿಡದ ಲೆಕ್ಕದ ಮೇಲೂ ಆಗಬೇಕು. ಅರಣ್ಯ ಇಲಾಖೆ 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, ರೈತ ನೆಟ್ಟು ಬದುಕಿಸಿದ ಸಸಿಗಳನ್ನು ಎಣಿಸಿ ಮೂರು ವರ್ಷ ಹಣ ಕೊಡುವ ಪದ್ಧತಿ ಇದೆ. ಸ್ವಂತ ಹೊಲದ ಅಂಚಿಗೆ ನೆಡುವವರು ದರ, ಶರತ್ತುಗಳನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಸರ್ಕಾರಿ ಪಾತ್ರ, ದಂಡೆಗಳಲ್ಲಿ ಕಂಟಿ ಕೀಳುವ, ಇಳಿಜಾರು ಮಾಡುವ ಕೆಲಸವನ್ನು ಪಂಚಾಯಿತಿಯ ಉದ್ಯೋಗ ಖಾತ್ರಿ ಕೂಲಿಯ ಕ್ರಿಯಾಯೋಜನೆಯಲ್ಲಿ ಸೇರಿಸುವಂತೆ ಒತ್ತಾಯಿಸಬೇಕು. ಯಾವ ಗಿಡ ಯಾವ ಮಣ್ಣಿಗೆ ಎಂಬ ಸಂಶಯ ಬಂದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಮ್ಮ ಮನೆ ಬಾಗಿಲಲ್ಲೇ ಇದೆ.

ನೀರಿಗಾಗಿ ಹೋರಾಡುವುದನ್ನು ಈ ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1980ರಲ್ಲಿ ನರಗುಂದ, ನವಲಗುಂದದ ರೈತರು ಎದ್ದು ನಿಂತಾಗ ರಾಜ್ಯವೇ ತಿರುಗಿ ನೋಡಿತು. ಮಹದಾಯಿಗಾಗಿ ನಮ್ಮ ಜನ ವರ್ಷಗಟ್ಟಲೆ ಧರಣಿ ಕೂತರು. 2018ರ ಆಗಸ್ಟ್‌ನ ತೀರ್ಪಿನಲ್ಲಿ ಕಳಸಾ, ಬಂಡೂರಿಗಳಿಂದ ಮಲಪ್ರಭೆಗೆ ತಿರುಗಿಸಲು ನ್ಯಾಯಮಂಡಳಿ ಒಪ್ಪಿದ್ದು 3.90 ಟಿ.ಎಂ.ಸಿ. ಆ ನೀರು ಬರಲೇಬೇಕು. ಅಷ್ಟೇ ಆಸ್ಥೆಯಿಂದ ನಮ್ಮ ಹೊಲದ ಬದಿಗೇ ಹರಿಯುವ ಹಳ್ಳವನ್ನೂ ನೋಡಿಕೊಳ್ಳಬೇಕೆಂಬುದು ನಮ್ಮ ಬಿನ್ನಹ. ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಕೊಳೆನೀರು ಎಂಬ ಈ ಸ್ಥಿತಿಯನ್ನು ಬದಲಿಸಲು ಯಾವ ನ್ಯಾಯಮಂಡಳಿಯ ತೀರ್ಪೂ ಬೇಕಾಗಿಲ್ಲ.

ಆದ್ದರಿಂದ ಈ ಬರಹವನ್ನು ವಾಚನಾಲಯದಲ್ಲಿ ಓದುವವರು ಓದು ಬಾರದ ಹಿರಿಯರಿಗೂ ಓದಿ ಹೇಳಿರಿ. ಯಾವ ಕಡೆ ಯಾವ ಮರವಿತ್ತು, ಹಳ್ಳ ಎಷ್ಟು ಅಗಲವಿತ್ತು ಎಂಬುದು ಅವರಿಗೆ ಗೊತ್ತು. ಅವರ ಬಾಯಿಂದ ಕೇಳಿ ಬರೆದಿಟ್ಟುಕೊಳ್ಳಿರಿ. ಮುಂದಿನ ಗ್ರಾಮಸಭೆಯಲ್ಲಿ ಮೂರು ಠರಾವು ಆಗಲಿ: ಹಳ್ಳದ ಅಳತೆ, ದಂಡೆಯ ಪಟ್ಟಿಯ ಅಗಲ, ಫಲದ ಪಾಲು. ಬರುವ ಬೇಸಿಗೆಯಲ್ಲಿ ಊರಿಗೆ ಹತ್ತಿರದ ನೂರು ಮೀಟರು ದಂಡೆಯಿಂದ ಕೆಲಸ ಆರಂಭವಾಗಲಿ. ಮೇಲಿನ ಊರಿನವರು ಮೊದಲು ಕೈ ಹಾಕಿದರೆ ಕೆಳಗಿನ ಊರಿಗೆ ಉಪಕಾರ; ಕುಂದಗೋಳದವರು ನವಲಗುಂದದವರನ್ನು, ನವಲಗುಂದದವರು ರೋಣದವರನ್ನು ನೆನೆದು ಗುದ್ದಲಿ ಹಿಡಿಯಲಿ.